ಎಂಟನೇ ಮಹಡಿಯ ಯಜಮಾನ

ಆರು ವರ್ಷದಿಂದ ಅವನ ಹೆಸರು ಬಟೋನಿ.
ನಮ್ಮ ತಿಬಿಲಿಸಿಯಲ್ಲಿ ಹಾಗಂದರೆ ಯಜಮಾನ, ಒಡೆಯ, ಸ್ವಾಮಿ.
ಗುರಾಮ್ ಇಟ್ಟ ಹೆಸರು. ಗುರಾಮ್ ಹೋದ,
ಕೋಟು, ರೇಡಿಯೊ, ಗೋಡೆಯ ಮೊಳೆಗಳನ್ನೂ ಕಿತ್ತುಕೊಂಡು.
ಹಕ್ಕಿಯನ್ನು ಬಿಟ್ಟ.
ಕೆನ್ನೆಗೆ ಮಾಸಲು ಕಿತ್ತಳೆ ಬೊಟ್ಟು, ನೆತ್ತಿಗೆ ಜುಟ್ಟು,
ತಡವಾಗಿ ಬಂದರೆ ಸೀಟಿ ಹೊಡೆದು ಗದರುವ ಠೀವಿ.
"ಪುಣ್ಯಕ್ಕೆ ಮನೆಯಲ್ಲಿ ಒಬ್ಬ ಗಂಡಸಾದರೂ ಉಳಿದ"
ಎನ್ನುತ್ತಿದ್ದಳು ಎದುರುಮನೆಯ ಜುಜುನಾ.

ಜನವರಿಯ ಆ ರಾತ್ರಿ ಕರೆಂಟಿಲ್ಲ.
ಬಾಗಿಲು ತೆಗೆದೆ, ಸೀಟಿಯಿಲ್ಲ.
ಟಾರ್ಚು ಬಿಟ್ಟರೆ ಅಡ್ಡಕೋಲು ಖಾಲಿ,
ಪಂಜರದ ತಳದಲ್ಲಿ ಮೈ ಉಬ್ಬಿಸಿ ಕೂತ ಒಂದು ಉಂಡೆ,
ಇಳಿಬಿದ್ದ ರೆಕ್ಕೆ,
ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ, ಮೇಲೆ ಕೆಳಗೆ,
ನೀರು ಬತ್ತಿದ ಕೈಪಂಪು.

ನನ್ನ ಕೆಲಸ ಮೆಟ್ರೋದಲ್ಲಿ.
ಓಡುವ ಮೆಟ್ಟಿಲುಗಳ ಬುಡದಲ್ಲಿ ಗಾಜಿನ ಗೂಡು, ಗೂಡೊಳಗೆ ನಾನು.
ಯಾರಾದರೂ ಎಡವಿದರೆ ಕೆಂಪು ಗುಂಡಿ ಒತ್ತಬೇಕು,
ಎಲ್ಲವೂ ನಿಲ್ಲುತ್ತದೆ.
ಹತ್ತೊಂಬತ್ತು ವರ್ಷ ಬೀಳುವವರಿಗಾಗಿ ಕಾದು ಕೂತವಳು.
ಇವತ್ತು ಬಿದ್ದದ್ದು ಮನೆಯಲ್ಲೇ,
ಕತ್ತಲಲ್ಲಿ ಗುಂಡಿ ತಡಕುತ್ತಿದೆ ಬೆರಳು.

ಡಾಕ್ಟರ್ ತ್ಸೋತ್ನೆ ಹಸು ನೋಡಲು ಹೋದವರು
ಹಿಮ ಬಿದ್ದು ಊರಾಚೆ ಸಿಕ್ಕಿಕೊಂಡಿದ್ದರು.
"ಕಾಲುಗಳ ನಡುವೆ ಮೆಲ್ಲಗೆ ಮುಟ್ಟಿ. ಗಟ್ಟಿ ಏನಾದರೂ?"
ಇದೆ. ಹೆಬ್ಬೆರಳ ತುದಿಯಷ್ಟು. ಗೆಡ್ಡೆಯೇ, ಡಾಕ್ಟರೇ?
ಆ ಕಡೆ ಮೌನ. ಆಮೇಲೆ ಕೆಮ್ಮೋ ನಗುವೋ.
"ಮೊಟ್ಟೆ, ತಾಯಿ. ಇಳಿಯಲಾರದೆ ಸಿಕ್ಕಿಕೊಂಡಿದೆ.
ಹಿಂಡಬೇಡಿ, ಒಳಗೇ ಒಡೆದರೆ ಮುಗಿಯಿತು.
ಶಾಖ ಕೊಡಿ, ಹಬೆ ಕೊಡಿ. ಬೆಳಗಾಗುತ್ತಲೇ ಬಂದೆ."

ಆರು ವರ್ಷ!
ಗುರಾಮ್, ನಿನಗೆ ಇದೂ ಗೊತ್ತಾಗಲಿಲ್ಲ.
ನನಗೂ.

ಶಾಖ ಎಲ್ಲಿಂದ ತರಲಿ? ಬಾಕಿ ಕಟ್ಟಲಿಲ್ಲವೆಂದು
ಹೋದ ವಾರವೇ ಗ್ಯಾಸು ಕತ್ತರಿಸಿದ್ದರು.
ನಾಣ್ಯ ನುಂಗಿ ಏರಿಳಿಯುವ ನಮ್ಮ ಲಿಫ್ಟು
ಇಂದು ನಾಣ್ಯಕ್ಕೂ ಬಾಯಿ ತೆರೆಯಲಿಲ್ಲ.
ಬೂಟಿನ ಡಬ್ಬಿ, ಅದರೊಳಗೆ ಉಣ್ಣೆಯ ಟೋಪಿ,
ಟೋಪಿಯೊಳಗೆ ಅವನು. ಅವಳು.
ಕೋಟಿನ ಒಳಗಿಟ್ಟು ಎಂಟು ಮಹಡಿ ಇಳಿದೆ,
ಜುಜುನಾ ಮುಂದೆ ಟಾರ್ಚು ಹಿಡಿದು,
ದಾರಿಯುದ್ದಕ್ಕೂ ಸಂತರನ್ನೆಲ್ಲ ಹೆಸರು ಹಿಡಿದು ಬೈಯುತ್ತ.

ನೆಲಮಾಳಿಗೆಯಲ್ಲಿ ಓತಿಯಾನ ಬೇಕರಿ.
ಮಣ್ಣಿನ ಆಳ ಒಲೆ, ಅದರ ಗೋಡೆಗೆ ಹಿಟ್ಟು ಬಡಿಯುತ್ತಿದ್ದವನು
ಸೊಂಟದವರೆಗೂ ಒಳಗೆ ಬಗ್ಗಿದ್ದ.
"ರೊಟ್ಟಿ ಆಗಲು ಇನ್ನೂ ಹೊತ್ತಿದೆ" ಅಂದ, ತಿರುಗದೆ.
ಡಬ್ಬಿ ತೆರೆದು ತೋರಿಸಿದೆ.
ಮಾತಾಡಲಿಲ್ಲ. ಹೊಗೆ ತಾಗದ ಮಗ್ಗುಲಲ್ಲಿ
ಹಿಟ್ಟಿನ ಚೀಲ ಮಡಿಸಿ ಹಾಸಿದ,
ಕೆಟಲಿನ ಹಬೆ ಅತ್ತ ತಿರುಗಿಸಿದ,
ತನ್ನ ಮೊಣಕೈ ಇಟ್ಟು ಬಿಸಿ ನೋಡಿದ,
ಕೂಸಿನ ಸ್ನಾನದ ನೀರು ನೋಡುವಂತೆ.
ಎಷ್ಟೋ ಹೊತ್ತಿನ ಮೇಲೆ, ಒಲೆಯೊಳಗಿಂದಲೇ:
"ನಮ್ಮ ನೂನು ಹುಟ್ಟುವಾಗಲೂ ನಾನು ಇಲ್ಲೇ ಇದ್ದೆ.
ಎರಡು ದಿನ ತಗೊಂಡಳು. ಯಾರೂ ನನ್ನ ಕರೆಯಲಿಲ್ಲ."

ಜುಜುನಾ ನಿದ್ದೆ ಹೋದಳು.
ನಾನು ಉಸಿರು ಎಣಿಸಿದೆ, ಎಣಿಕೆ ತಪ್ಪಿತು, ಮತ್ತೆ ಎಣಿಸಿದೆ.
ಅವಳು ಒಮ್ಮೆ ಕಣ್ಣು ತೆರೆದು ನನ್ನನ್ನು ನೋಡಿದಳು,
ಬೇಡುವಂತಲ್ಲ, ಗದರುವಂತೆ.
ಅಷ್ಟು ಸಾಕಿತ್ತು ನನಗೆ.

ಐದು ಗಂಟೆ ಕಳೆದಿರಬೇಕು.
ಮೊದಲ ರೊಟ್ಟಿ ಗೋಡೆ ಬಿಟ್ಟು ಕೊಕ್ಕೆಗೆ ಬಂತು.
ಡಬ್ಬಿಯೊಳಗೆ ಒಂದು ನಡುಕ, ಆಮೇಲೆ ಏನೂ ಇಲ್ಲ.
ಬಗ್ಗಿ ನೋಡಿದೆ:
ಟೋಪಿಯ ಮಡಿಕೆಯಲ್ಲಿ ಒದ್ದೆಯಾಗಿ, ಸೊಟ್ಟಗೆ,
ತೆಳು ಚಿಪ್ಪಿನ ಒಂದು ಮೊಟ್ಟೆ,
ಅದರ ಪಕ್ಕ ಕಣ್ಣು ಮುಚ್ಚಿದ ಅವಳು.
ಜುಟ್ಟು ಏಳಲಿಲ್ಲ. ಬಾಲ ಆಡುತ್ತಿತ್ತು, ನಿಧಾನ.

ಡಾಕ್ಟರು ಬಂದರು, ಮೊಣಕಾಲವರೆಗೆ ಹಿಮ.
ಸುಣ್ಣದಂಶದ ಸೂಜಿ ಚುಚ್ಚಿದರು.
"ಇನ್ನೆರಡು ದಿನ ಹೇಳಲಾಗದು" ಅಂದರು,
ರಸೀದಿ ಬರೆಯುತ್ತ ಕೇಳಿದರು, "ಹೆಸರು?"

ನಮ್ಮ ಭಾಷೆಯಲ್ಲಿ ಒಡೆಯನ ಹಿಂದೊಂದು ಅಕ್ಷರ ಕೂಡಿಸಿದರೆ
ಒಡತಿ. ಕಲ್ಬಟೋನಿ.
ಬಾಯಿಗೆ ಬಂತು, ಹೇಳಲಿಲ್ಲ.
ಅವಳು ಕಣ್ಣು ತೆರೆಯಲಿ, ಮೊದಲು ಅವಳನ್ನೇ ಕೇಳೋಣ.

"ಖಾಲಿ ಬಿಡಿ" ಅಂದೆ.
ಓತಿಯಾ ರೊಟ್ಟಿ ಮುರಿದು ಕೈಗಿಟ್ಟ.
ಸುಡುತ್ತಿತ್ತು. ಹಿಡಿದುಕೊಂಡೇ ನಿಂತೆ.