ಪರಂಗಿ ತೋಟ

ಪಾಂಡವಪುರದಿಂದ ಮೂರು ಮೈಲಿ, ಕುಂತಿಬೆಟ್ಟದ ಬೆನ್ನಿಗೆ
ಸರ್ವೆ ನಂಬರು ನೂರಾ ಹದಿನಾಲ್ಕು.
ಎರಡು ಎಕರೆ ಹನ್ನೊಂದು ಗುಂಟೆ, ಅದರಲ್ಲಿ ಖರಾಬು ಎಂಟು.
ಪಹಣಿಯ ಬೆಳೆ ಕಾಲಮ್ಮಿನಲ್ಲಿ: ಪರಂಗಿ.

ನಾನು ಲೆಕ್ಕಿಗಳಾಗಿ ಬಂದಾಗ ಅಲ್ಲಿ
ಒಂದು ಪರಂಗಿ ಗಿಡವೂ ಇರಲಿಲ್ಲ.
ಹಿಂದಿನವರು, ಅವರ ಹಿಂದಿನ ಶಾನುಭೋಗರು,
ಹೋದ ವರ್ಷದ ಪುಟ ನೋಡಿ ನಕಲಿಳಿಸಿದ್ದರು,
ತೋಟದ ಹೆಸರನ್ನೇ ಫಸಲು ಎಂದುಕೊಂಡು.

ಹಣ್ಣಲ್ಲ, ಅವನೊಬ್ಬ ಆಸಾಮಿ.
ಸುಲ್ತಾನರ ಪಡೆಗೆ ಫಿರಂಗಿ ಕಲಿಸಲು ಬಂದ ಪರಂಗಿ.
ದ ಮೊರ್ವಾಲ್ ಎಂದು ಬರೆದುಕೊಳ್ಳುತ್ತಿದ್ದ;
ಊರು ಅದನ್ನು ಮೊರದಲ್ಲಿ ಕೇರಿ
ಮೊರವಾಳಯ್ಯ ಎಂದಿತು.

ಮೂರನೆಯ ಮಗ. ಅಪ್ಪನ ಕಲ್ಲುಮನೆ, ಜಿಂಕೆಗಾಡು, ಕೊಳ
ಹಿರಿಯವನಿಗೆ. ನಡುವಿನವನಿಗೆ ಇಗರ್ಜಿ.
ಇವನಿಗೆ ಒಂದು ಕುದುರೆ, ಒಂದು ಶಿಫಾರಸಿನ ಕಾಗದ.
ಆ ಕಾಗದದ ಬೆನ್ನಿಗೆ ನೆನಪಿನಿಂದ ಮನೆ ಬರೆದ:
ನಲವತ್ತು ಕೋಣೆಯಲ್ಲಿ ಐದು ಉಳಿದವು,
ಎರಡು ಗೋಪುರದಲ್ಲಿ ಒಂದು.
ಹಿಮ ಜಾರಲೆಂದು ಎತ್ತಿದ ಕಡಿದಾದ ಸೂರು ಮಾತ್ರ
ಅಂಗುಲವೂ ತಗ್ಗಲಿಲ್ಲ.

ಗಾರೆಯ ಕಾಳಮಾರಯ್ಯ ಕೇಳಿದನಂತೆ,
'ಹಿಮ ಅಂದ್ರೇನು ಬುದ್ಧೀ?'
ಪರಂಗಿ ಒಂದು ಹಿಡಿ ಸುಣ್ಣದ ಪುಡಿ ತೆಗೆದು
ಗಾಳಿಯಲ್ಲಿ ಮುಷ್ಟಿ ಬಿಚ್ಚಿದನಂತೆ, ಮಾತಾಡದೆ.
ಆ ಸೂರಿನಿಂದ ಇನ್ನೂರು ವರ್ಷ ಜಾರಿದ್ದು
ಅಳಿಲು, ಹುಣಸೆ ಎಲೆ, ಬಿಸಿಲು.

ಪುದುಚೇರಿಯಿಂದ ಒಂದು ಓಲೆ ಬಂತು, ಎರಡು ವರ್ಷ ಹಳೆಯದು:
ಅಲ್ಲಿ ದೊರೆಯ ತಲೆ ಹೋಗಿದೆ.
ರೈತರು ಪಂಜು ಹಿಡಿದು ಬಂದು
ಮೊದಲು ಕಂದಾಯದ ಕಡತ ಸುಟ್ಟರು, ಆಮೇಲೆ ಮನೆ.
(ಇದನ್ನು ಕೇಳಿದ ದಿನ ನಾನು
ನನ್ನ ಬೀರುವಿನ ಬೀಗ ಎರಡು ಸಲ ಎಳೆದು ನೋಡಿದೆ.)
ಅಂದಿನಿಂದ ಇಲ್ಲಿನ ನಕಲೇ ಅಸಲು.

ಪಟ್ಟಣ ಬಿದ್ದ ವರ್ಷ ಅವನು ಎಲ್ಲಿ ಹೋದನೋ, ಬರೆದವರಿಲ್ಲ.
ಕಂಪನಿಯ ಡಾಕ್ಟರೊಬ್ಬ ಬಂದ, ಚಳಿಜ್ವರದಲ್ಲಿ ಸತ್ತ.
ಹರಾಜಿನಲ್ಲಿ ಹಿಡಿದವರು ಬೇಟೆಯ ಅರಸಿನವರು;
ಅವರ ಮೊಮ್ಮಗ ದೇವಪಾರ್ಥಿವರಾಜೇ ಅರಸಿಗೆ
ಇಸ್ಪೀಟೇ ಬೇಟೆ.
ಸೋತ ರಾತ್ರಿ ಮನೆಯ ಕೀಲಿಕೈ ಮೇಜಿಗೆ ಬಿದ್ದಾಗ
ಒಳಗಿನಿಂದ ಲಿಂಗಾಜಮ್ಮಣ್ಣಿ ಬಂದು
ಅದನ್ನೆತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು.
ಆಟದವರು ಚಪ್ಪಲಿ ಹುಡುಕಿಕೊಂಡು ಹೋದರು.
ಮುಂದಿನ ಮೂವತ್ತೊಂದು ವರ್ಷ
ರಸೀದಿಗಳಲ್ಲಿ ಅವರದೇ ರುಜು, ಓರೆ ಅಕ್ಷರ.
ಕಾಸೂ ಬಾಕಿಯಿಲ್ಲ.

ನಾಲೆಯ ನೀರು ಕಬ್ಬು ತಂತು.
ಮಂಡಿಯ ತಿಬ್ಬೇಗೌಡರು ಐದು ಕೋಣೆಗೂ ಅಚ್ಚುಬೆಲ್ಲ ತುಂಬಿದರು;
ಗೋಪುರದ ತುದಿಯವರೆಗೆ ಇರುವೆ ಸಾಲು.
ಈಗಲೂ ಜಡಿಮಳೆ ಹಿಡಿದರೆ
ಆ ಗೋಡೆ ನೆಕ್ಕಿ ಸಿಹಿ ಎನ್ನುವ ಮಕ್ಕಳಿವೆ.

ಎಪ್ಪತ್ನಾಲ್ಕರಲ್ಲಿ ಉಳುವವನೇ ಒಡೆಯನಾದ.
ಗದ್ದೆ ಹಂಚಿಹೋಯಿತು.
ಮನೆಯನ್ನು ಯಾರು ಉಳುತ್ತಾರೆ?
ಸುತ್ತಲಿನ ಎರಡು ಎಕರೆಯೊಂದಿಗೆ ಅದೂ
ಕಾಳಮಾರಯ್ಯನ ವಂಶದ ಮಡಿಲಿಗೆ ಬಿತ್ತು,
ಕೇಳದೆ ಬಂದ ಕೊಸರಿನಂತೆ.

ತಿದ್ದುಪಡಿಗೆಂದು ಮೊನ್ನೆ ಹೋದೆ.
ಎದೆಯೆತ್ತರದ ಪರಂಗಿ, ಸಾಲು ಸಾಲು, ಕಾಯಿ ಜೋತು.
ಚಿಕ್ಕತಾಯಮ್ಮ ನಕ್ಕಳು:
'ನಾಕು ದಪ ತಾಲೂಕಾಪೀಸಿಗೆ ಅಲೆದೆ ಮೇಡಮ್ಮ.
ಕಾಗ್ದ ತಿದ್ಸೋದಕ್ಕಿಂತ
ಗಿಡ ನೆಡೋದೇ ಸಲೀಸು ಅನ್ನುಸ್ತು.'

ಮೆಟ್ಟಿಲ ಮೇಲೆ ಒಂದು ಹಣ್ಣು ಸೀಳಿದಳು.
ತಿನ್ನುತ್ತ ತಲೆಯೆತ್ತಿ ಕೇಳಿದೆ,
ಇಷ್ಟೆತ್ತರದ ಸೂರು ಯಾಕೆ, ಇಳಿಸಬಾರದೇ?
'ಇರ್ಲಿ ಬುಡಿ. ನಮ್ ತಾತ ಕಟ್ಟಿದ್ದು.
ಒಂದಲ್ಲಾ ಒಂದಿನ ಬಿದ್ದರೂ ಬೀಳ್ತದೆ, ಅದು.'
ಯಾವುದು?
ಅವಳು ಕೈ ಮೇಲೆತ್ತಿ
ಗಾಳಿಯಲ್ಲಿ ಮುಷ್ಟಿ ಬಿಚ್ಚಿದಳು.
ಕಪ್ಪು ಬೀಜಗಳು ಉದುರಿದವು.