ದರಪಟ್ಟಿಯಲ್ಲಿ ಇಲ್ಲದ್ದು

ಬೆಳಿಗ್ಗೆ ತ್ರಾಸಿಯಲ್ಲಿ ಗಾಳಿ ನನ್ನ ಪಕ್ಷದಲ್ಲಿತ್ತು;
ಕಟಪಾಡಿ ದಾಟುವಾಗ ಪಕ್ಷಾಂತರ.

ಮುಂದೊಂದು ಮೀನಿನ ಲಾರಿ
ಐಸು ಕರಗಿದ ನೀರಿನ ಗೆರೆ ಎಳೆಯುತ್ತ.
ಅದರ ಮೇಲೇ ತುಳಿದೆ ಉಚ್ಚಿಲದವರೆಗೆ,
ಬಾಯಲ್ಲಿ ಉಸಿರಾಡಿಕೊಂಡು.

"ಒಬ್ರೇನಾ ಮಾರಾಯ್ರೆ?"
ಟ್ಯೂಬನ್ನು ಬಕೆಟಿಗೆ ಅದ್ದುತ್ತ ಲಾದ್ರು ಪೊರ್ಬುಗಳು ಕೇಳಿದರು.
ಗುಳ್ಳೆ ಎದ್ದಿತು. ಮಾತು ಅಲ್ಲಿಗೇ ನಿಂತಿತು.

ಹೆಜಮಾಡಿ ಟೋಲಿನಲ್ಲಿ
ಕಾರು, ಬಸ್ಸು, ಆರು ಚಕ್ರ, ಹನ್ನೆರಡು ಚಕ್ರ
ಎಲ್ಲರಿಗೂ ದರ ಬರೆದಿದ್ದಾರೆ. ನನಗಿಲ್ಲ.
ಅಂಚಿನ ಸಂದಿಯಲ್ಲಿ ನುಸುಳುವಾಗ
ಗೂಡಿನ ಹುಡುಗಿ ಕೈ ಬೀಸಿದಳು,
ನನಗೋ ನೊಣಕ್ಕೋ.

ಸುರತ್ಕಲ್ ಲಾಡ್ಜಿನ ಪುಸ್ತಕದಲ್ಲಿ
ಜನ: ಒಂದು. ವಾಹನದ ನಂಬರು ಬೇಕೇ ಬೇಕಂತೆ.
ಹುಟ್ಟಿದ ಇಸವಿ ಬರೆದೆ.

ಎರಡು ಮಹಡಿ ಹೆಗಲಲ್ಲಿ ಹೊತ್ತು
ಮಂಚದ ಬದಿಗೆ ಒರಗಿಸಿದರೆ
ಹಿಂದಿನ ಚಕ್ರ ಇನ್ನೂ ತಿರುಗುತ್ತಿದೆ,
ಟಿಕ್... ಟಿಕ್...
ಕೇಳಿಸ್ತಾ, ಲಾದ್ರು ಪೊರ್ಬುಗಳೇ?