ಸೊಂಟದ ಕೀಲು

ಬಾಗೇಪಲ್ಲಿಯ ಸ್ಟೇಷನರಿ ಅಂಗಡಿಗಳಲ್ಲಿ
ಎರಡು ಕಾಲಿನ ಹಿತ್ತಾಳೆ ಪಿನ್ನು ಕೇಳಿದರೆ
ಸೇಫ್ಟಿ ಪಿನ್ನು ಕೊಡುತ್ತಾರೆ. ಬೇಡವೆಂದರೆ
ಗುಂಡುಪಿನ್ನು. ಅದೂ ಬೇಡವೆಂದರೆ
‘ಇನ್ನೇನಮ್ಮ ಬೇಕು ನಿಂಗೆ’ ಎಂಬ ಮುಖ.
ಹಾಗಾಗಿ ನನ್ನ ಬೊಂಬೆಗಳ ಕೀಲೆಲ್ಲ ದಾರ:
ಈ ಕಡೆ ಗಸಗಸೆಯಷ್ಟು ಗಂಟು, ಆ ಕಡೆ ಅಷ್ಟೇ.

ಕಾಗದಕ್ಕೆ ಕೊರತೆಯಿಲ್ಲ.
ಕಂಪ್ಯೂಟರಿನ ಎಕ್ಸ್‌ರೇ ಬಂದ ಮೇಲೆ
ಹಳೇ ಫಿಲ್ಮಿನ ಕಂದು ಲಕೋಟೆಗಳು
ಕಟ್ಟು ಕಟ್ಟಾಗಿ ಉಳಿದವು ಡಾರ್ಕ್ ರೂಮಿನ ಅಟ್ಟದಲ್ಲಿ.
‘ತಗೊಂಡೋಗಿ ಮೇಡಂ, ಇಲಿ ತಿನ್ನೋ ಬದಲು’
ಎಂದ ಗಂಗಿರೆಡ್ಡಿ.

ಹಗಲೆಲ್ಲ ಮೂಳೆ ನೋಡುವವಳು
ರಾತ್ರಿ ಮೂಳೆಯಿಲ್ಲದವರನ್ನು ಕತ್ತರಿಸುತ್ತೇನೆ.
ಭುಜ, ಮೊಣಕೈ, ಮಣಿಕಟ್ಟು; ತೊಡೆ, ಮೊಣಕಾಲು, ಕಾಲ್ಗಿಣ್ಣು.
ತುಂಡಿನ ತುದಿ ದುಂಡಗಿರಬೇಕು,
ಇಲ್ಲವಾದರೆ ಮಡಚಿದಾಗ ಮೂಲೆ ಇಣುಕುತ್ತದೆ.
ದಬ್ಬಳದ ತೂತು ಕೂದಲೆಳೆ ಆಚೀಚೆಯಾದರೆ ಕುಂಟು.
ಗಂಟು ಬಿಗಿಯಾದರೆ ಎತ್ತಿದ ಕೈ ಇಳಿಯದು;
ಸಡಿಲವಾದರೆ, ಏನು ಹೇಳಿದರೂ ಹೂಂ ಅನ್ನುವವರ ಹಾಗೆ,
ಜೋಲು.
ಕಾಗದಕ್ಕೆ ನಾಚಿಕೆಯೂ ಇಲ್ಲ. ಮೊಣಕಾಲು
ಎತ್ತ ತಿರುಗಿಸಿದರೂ ತಿರುಗೀತು, ಕೊಕ್ಕರೆಯ ಹಾಗೆ.
ಹಿಂದೊಂದು ಪುಟ್ಟ ತಡೆ ಅಂಟಿಸಬೇಕೆಂದು
ಹೊಳೆಯಲು ಎರಡು ತಿಂಗಳು ಹಿಡಿಯಿತು.

‘ತೊಗಲುಬೊಂಬೆಯಾ?’ ಎನ್ನುತ್ತಾರೆ ನೋಡಿದವರು.
ಅಲ್ಲ. ಪರದೆಯಿಲ್ಲ, ದೀಪವಿಲ್ಲ, ರಾಮನಿಲ್ಲ.
ಬಸ್ಸಿಗೆ ಕೈ ಅಡ್ಡ ಹಿಡಿದವಳು,
ಟೋಕನ್ ಕಳೆದುಕೊಂಡು ಜೇಬು ತಡಕುವವನು,
ಐದು ರೂಪಾಯಿ ಬಿಲ್ಲೆ ಹಾಕಿ
ಫಿಲ್ಟರ್ ನೀರಿಗೆ ಕ್ಯಾನು ಒಡ್ಡಿದ ಹುಡುಗ.
ಮೇಜಿನ ಖಾನೆಯಲ್ಲಿ ಅಂಗಾತ ಮಲಗಿರುತ್ತಾರೆ,
ಯಾರೋ ಹೆಸರು ಕರೆಯುವವರೆಗೆ ಎಂಬಂತೆ.

ಆದೆಮ್ಮ ಬಂದದ್ದು ಗೂಳೂರಿನ ಆಚೆಯಿಂದ.
‘ಮೊಣಕಾಲು ಮಡಚಮ್ಮ’ ಎಂದೆ.
‘ಮಡಚೋ ಹಂಗಿದ್ರೆ ನಿನ್ನತ್ರ ಯಾಕೆ ಬರ್ತಿದ್ದೆ?’
ಪರದೆಯ ಮೇಲೆ ಅವಳ ಬೆನ್ನು
ಸುಣ್ಣ ಬಳಿದ ಗೋಡೆ. ಬೋರ್‌ವೆಲ್ಲಿನ ನೀರು
ಲೋಟ ಲೋಟವಾಗಿ ಬಳಿದದ್ದು.
ನಾನು ಓದಿ ಹೇಳುವಂತಿಲ್ಲ; ಅದು ಡಾಕ್ಟರ ಕೆಲಸ.
ಪೆನ್ನಿಗೆಂದು ಖಾನೆ ಎಳೆದೆ.

ಅವಳು ನೋಡಿಬಿಟ್ಟಳು.
‘ಯಾರಿವಳು? ಎತ್ತಮ್ಮ. ಕೂರ್ಸು ನೋಡಣ.’
ಕೂರಿಸಿದೆ, ತೊಡೆ ಎತ್ತಿ, ಮೊಣಕಾಲು ಮಡಚಿ.
ಕತ್ತು ತಿರುಗದ್ದಕ್ಕೆ ಇಡೀ ಮೈ ತಿರುಗಿಸಿ ನೋಡಿದಳು.
‘ಇದು ಆಫೀಸರು ಕುರ್ಚಿ ಮೇಲೆ ಕೂತಂಗದೆ.
ಹಿಂಗೆ ಕೂತು ಕಳೆ ಕಿತ್ರೆ
ಸಂಜೆಗೆ ಒಂದು ಸಾಲೂ ಆಗಲ್ಲ.
ಸೊಂಟ ಎಲ್ಲಿ ಇವಳಿಗೆ?’

ಸೊಂಟ.
ಏಳು ವರ್ಷ, ಇನ್ನೂರು ಬೊಂಬೆ,
ಭುಜದಿಂದ ತೊಡೆಯವರೆಗೆ ಒಂದೇ ಹಲಗೆ.
ಎಕ್ಸ್‌ರೇಗೆ ನಿಲ್ಲಿಸುವ ಹಾಗೇ ಮಾಡಿದ್ದೆ ಎಲ್ಲರನ್ನೂ:
ನೆಟ್ಟಗೆ, ಉಸಿರು ಹಿಡಿದು.

ಹೊರಗೆ ಸಾಲಿತ್ತು. ಆದರೂ
ಬ್ಯಾಂಡೇಜಿನ ಕತ್ತರಿ ತೆಗೆದು
ಸೆರಗಿನ ಬಣ್ಣದ ಮೇಲೇ ಅಡ್ಡಕ್ಕೆ ಇಟ್ಟೆ.
ಆದೆಮ್ಮ ಅಯ್ಯೋ ಅನ್ನಲಿಲ್ಲ, ಬೆರಳಿಟ್ಟು ತೋರಿಸಿದಳು:
‘ಇನ್ನೊಂಚೂರು ಕೆಳಕ್ಕೆ. ಹಾಂ. ನೋಯೋದು ಅಲ್ಲೇ.’
ಕತ್ತರಿಸಿ, ಲಕೋಟೆಯ ಚೂರು ಸೇರಿಸಿ,
ತುದಿ ದುಂಡಗೆ ಮಾಡಿ, ಒಂದರ ಮೇಲೊಂದಿಟ್ಟು
ತೂತು, ದಾರ, ಗಂಟು.

ಬೊಂಬೆ ಬಾಗಿತು.
ಒಂದು ಮೊಣಕಾಲು ಎದೆಗೆ, ಇನ್ನೊಂದು ನೆಲಕ್ಕೆ,
ಎಡಗೈ ಊರಿ ಕೂತಿತು
ಕಡಲೆಕಾಯಿ ಸಾಲಿನ ನಡುವೆ ಎಂಬ ಹಾಗೆ
ನನ್ನ ರಿಜಿಸ್ಟರಿನ ಗೆರೆಗಳ ನಡುವೆ.

ಆದೆಮ್ಮ ಬಹಳ ಹೊತ್ತು ನೋಡಿದಳು.
ಮೆಚ್ಚಿದಳು ಅಂದುಕೊಂಡೆ.
‘ಕೈಗೊಂದು ಕುಡ್ಲು ಕೊಡು’ ಅಂದಳು,
‘ಸುಮ್ನೆ ಕೂತವ್ಳೆ.’